ಒಬ್ಬ ಪತ್ರಿಕಾ ದೊರೆ, ಎರಡು ಜೀವನಚರಿತ್ರೆ: 1988ರ ಮ್ಯಾಕ್ಸ್‌ವೆಲ್ ಪ್ರಕರಣ

1988ರಲ್ಲಿ ಲಂಡನ್ನಿನ ಪುಸ್ತಕದಂಗಡಿಗಳಿಗೆ ರಾಬರ್ಟ್ ಮ್ಯಾಕ್ಸ್‌ವೆಲ್ ಕುರಿತ ಎರಡು ದಪ್ಪನೆಯ ಜೀವನಚರಿತ್ರೆಗಳು ಬಂದವು. ಒಂದನ್ನು ಬರೆದವರು ಜೋ ಹೇನ್ಸ್. ಇವರು ಹಿಂದೆ ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ಪತ್ರಿಕಾ ಕಾರ್ಯದರ್ಶಿಯಾಗಿದ್ದವರು, ಆಗ ಮ್ಯಾಕ್ಸ್‌ವೆಲ್ ಒಡೆತನದ ಡೈಲಿ ಮಿರರ್‌ನಲ್ಲಿ ಹಿರಿಯ ಪತ್ರಕರ್ತರು. ಇನ್ನೊಂದನ್ನು ಬರೆದವರು ಬಿಬಿಸಿಯಲ್ಲಿ ಕೆಲಸ ಮಾಡಿದ್ದ ತನಿಖಾ ಪತ್ರಕರ್ತ ಟಾಮ್ ಬೋವರ್. ಮೊದಲನೆಯದಕ್ಕೆ ದೊರೆಯ ಆಶೀರ್ವಾದವಿತ್ತು, ಎರಡನೆಯದಕ್ಕೆ ದೊರೆಯ ವಕೀಲರ ನೋಟಿಸಿತ್ತು. 1991ರ ನವೆಂಬರ್ 5ರಂದು ಕೆನರಿ ದ್ವೀಪಗಳ ಬಳಿ ತನ್ನ ವಿಹಾರನೌಕೆಯಿಂದ ಮ್ಯಾಕ್ಸ್‌ವೆಲ್ ಕಾಣೆಯಾದ; ಹೆಣ ಸಮುದ್ರದಲ್ಲಿ ಸಿಕ್ಕಿತು. ಕೆಲವೇ ವಾರಗಳಲ್ಲಿ, ಅವನ ಕಂಪನಿಗಳ ನೌಕರರ ಪಿಂಚಣಿ ನಿಧಿಗಳಿಂದ 40 ಕೋಟಿ ಪೌಂಡ್‌ಗೂ ಹೆಚ್ಚು ಮೌಲ್ಯದ ಆಸ್ತಿ ಹೋಗಿದೆ ಎಂಬುದು ಬಯಲಾಯಿತು.

ಈ ಅಧ್ಯಯನ ಕೇಳುವ ಪ್ರಶ್ನೆ ಒಂದೇ. 1988ರ ಓದುಗನ ಕೈಗೆ ಸಿಗುವಂತಿದ್ದ ಎರಡು ಪುಸ್ತಕ ಮತ್ತು ಸಾರ್ವಜನಿಕ ಕಾಗದಗಳಿಂದ ಎಷ್ಟು ತಿಳಿಯಬಹುದಿತ್ತು, ಎಷ್ಟು ತಿಳಿಯುವಂತಿರಲಿಲ್ಲ? ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಹಣ ಮಾಯವಾಗುತ್ತದೆ ಎಂದು ಯಾರೂ ಹೇಳಲು ಸಾಧ್ಯವಿರಲಿಲ್ಲ. ಆದರೆ ಹಣ ಯಾವ ದಾರಿಯಲ್ಲಿ ಹೋಗಬಲ್ಲದು ಎಂಬುದು 1971ರಿಂದಲೇ ಅಚ್ಚಾಗಿ ಕೂತಿತ್ತು. ಅದನ್ನು ಕಾಣದಂತೆ ಮಾಡಿದ್ದರಲ್ಲಿ ಜೀವನಚರಿತ್ರೆ ಓದುವ ನಮ್ಮ ರೂಢಿಯ ಪಾಲೂ ಇದೆ.

ಮೊದಲ ಅಧ್ಯಾಯಕ್ಕೂ ಮುಂಚಿನ ಪುಟಗಳು

ಬದುಕಿರುವ, ಹಣವಂತ, ಪತ್ರಿಕೆಗಳ ಒಡೆಯನಾದ ಮನುಷ್ಯನ ಜೀವನಚರಿತ್ರೆಯನ್ನು ಪ್ರಕಾಶಕರ ಹೆಸರಿರುವ ಪುಟದಿಂದ ಓದಲು ಶುರುಮಾಡಬೇಕು. ಹೇನ್ಸ್ ಪುಸ್ತಕ ತಂದದ್ದು ಮ್ಯಾಕ್‌ಡೊನಾಲ್ಡ್ ಸಂಸ್ಥೆ. ಅದು ಮ್ಯಾಕ್ಸ್‌ವೆಲ್ ಗುಂಪಿನದೇ. ಅಂದರೆ ಬರೆದವರಿಗೆ ಸಂಬಳ ಕೊಡುವವನು, ಅಚ್ಚು ಹಾಕಿಸುವವನು, ಪುಸ್ತಕದ ನಾಯಕ ಮೂವರೂ ಒಬ್ಬನೇ. ಬೋವರ್ ಪುಸ್ತಕ ತಂದದ್ದು ಔರಮ್ ಪ್ರೆಸ್, ಸಣ್ಣ ಸಂಸ್ಥೆ. ಇಷ್ಟು ಗೊತ್ತಾದರೆ ಮುಂದಿನ ನೂರಾರು ಪುಟಗಳನ್ನು ಯಾವ ಕಣ್ಣಿನಿಂದ ಓದಬೇಕು ಎಂಬುದು ಅರ್ಧ ತೀರ್ಮಾನವಾದಂತೆ.

ಆದರೆ ಒಪ್ಪಿಗೆಯ ಪುಸ್ತಕವನ್ನು ಬದಿಗಿಡುವುದು ಸೋಮಾರಿತನ. ಅದರಲ್ಲಿ ಬೇರೆಲ್ಲೂ ಸಿಗದ ಸರಕು ಇರುತ್ತದೆ: ಕುಟುಂಬದ ಪತ್ರಗಳು, ಸೈನ್ಯದ ದಾಖಲೆ, ಮನೆಯವರ ನೆನಪು, ದಿನಾಂಕಗಳು. ಅದನ್ನು ನಾಯಕನ ಪರ ವಕೀಲರ ವಾದಪತ್ರದಂತೆ ಓದಬೇಕು. ವಾದಪತ್ರದಲ್ಲಿ ಸುಳ್ಳು ಹೇಳುವುದಕ್ಕಿಂತ ಬಿಟ್ಟುಬಿಡುವುದು ಹೆಚ್ಚು. ಯಾವ ಆರೋಪಕ್ಕೆ ಉತ್ತರ ಉದ್ದವಾಗಿದೆ, ಯಾವುದಕ್ಕೆ ಒಂದೇ ಸಾಲು ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತ ಹೋದರೆ, ನಾಯಕನಿಗೆ ನೋವು ಎಲ್ಲಿದೆ ಎಂಬ ನಕ್ಷೆ ತಾನಾಗಿ ಸಿದ್ಧವಾಗುತ್ತದೆ. ಶತ್ರುಗಳು ಬರೆದ ಪುಸ್ತಕ ಈ ನಕ್ಷೆಯನ್ನು ಕೊಡಲಾರದು.

ಮ್ಯಾಕ್ಸ್‌ವೆಲ್‌ಗೆ ಈ ಕಸುಬಿನ ಒಳಗುಟ್ಟು ಚೆನ್ನಾಗಿ ತಿಳಿದಿತ್ತು ಎಂಬುದಕ್ಕೆ ಬೇರೊಂದು ಸಾಕ್ಷಿ ಇದೆ. ಅವನ ಪರ್ಗಮನ್ ಪ್ರೆಸ್ 1970 ಮತ್ತು 80ರ ದಶಕಗಳಲ್ಲಿ ವಿಶ್ವನಾಯಕರ ಮಾಲೆಯೊಂದನ್ನು ಹೊರತಂದಿತು. ಬ್ರೆಜ್ನೆವ್, ಚೌಷೆಸ್ಕು, ಹೊನೆಕ್ಕರ್ ಮುಂತಾದ ಪೂರ್ವ ಯುರೋಪಿನ ಅಧಿಕಾರಸ್ಥರ ಬಗ್ಗೆ ಅವರಿಗೆ ಮುಜುಗರವಾಗದ ಪುಸ್ತಕಗಳು. ಹೊಗಳಿಕೆಯ ಪುಸ್ತಕ ಹೇಗೆ ತಯಾರಾಗುತ್ತದೆ, ಅದರಿಂದ ಯಾವ ಬಾಗಿಲು ತೆರೆಯುತ್ತದೆ ಎಂದು ಬಲ್ಲ ವ್ಯಾಪಾರಿ ತನ್ನದೇ ಪುಸ್ತಕಕ್ಕೆ ಬೇರೆ ನಿಯಮ ಹಾಕಿಕೊಳ್ಳುತ್ತಾನೆಯೇ?

ಒಪ್ಪಿಗೆ ಇಲ್ಲದ ಪುಸ್ತಕಕ್ಕೂ ಅದರದೇ ವಕ್ರಗಳಿವೆ. ಅದು ಕೆಲಸ ಬಿಟ್ಟವರು, ಕೆಲಸ ಕಳೆದುಕೊಂಡವರು, ವ್ಯಾಪಾರದಲ್ಲಿ ಸೋತವರು ಹೇಳಿದ್ದರ ಮೇಲೆ ನಿಂತಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಮಾನನಷ್ಟ ಕಾನೂನು. ಇಂಗ್ಲೆಂಡಿನಲ್ಲಿ ಬರೆದದ್ದು ನಿಜವೆಂದು ತೋರಿಸುವ ಹೊರೆ ಬರೆದವನ ಮೇಲೆಯೇ ಬೀಳುತ್ತದೆ. ಮ್ಯಾಕ್ಸ್‌ವೆಲ್ ಈ ಆಯುಧವನ್ನು ಸಲೀಸಾಗಿ ಬಳಸುತ್ತಿದ್ದ. 1986ರಲ್ಲಿ ವಿಡಂಬನಾ ಪತ್ರಿಕೆ ಪ್ರೈವೇಟ್ ಐ ವಿರುದ್ಧ ಗೆದ್ದು 55,000 ಪೌಂಡ್ ಪರಿಹಾರ ಪಡೆದಿದ್ದ. ಹಾಗಾಗಿ ಇಂಥ ಪುಸ್ತಕದ ಹಸ್ತಪ್ರತಿ ಮೊದಲು ವಕೀಲರ ಮೇಜಿಗೆ ಹೋಗುತ್ತದೆ, ಆಮೇಲೆ ಅಚ್ಚಿನ ಮನೆಗೆ.

ವಕೀಲರ ಕೈ ಆಡಿದ ಗದ್ಯವನ್ನು ಗುರುತು ಹಿಡಿಯಬಹುದು. ಎರಡು ಘಟನೆಗಳ ದಿನಾಂಕವನ್ನು ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕ ಇಟ್ಟು, ಅವುಗಳ ನಡುವಿನ ಸಂಬಂಧವನ್ನು ಹೇಳದೆ ಬಿಟ್ಟಿರುತ್ತಾರೆ. ನಾಯಕನ ನಿರಾಕರಣೆಯನ್ನು ಪೂರ್ತಿಯಾಗಿ ಕೊಟ್ಟಿರುತ್ತಾರೆ. ಸಂಸತ್ತು, ನ್ಯಾಯಾಲಯ, ಸರ್ಕಾರಿ ವರದಿಗಳಿಂದ ಉದ್ದುದ್ದ ಉಲ್ಲೇಖ ಬರುತ್ತದೆ, ಏಕೆಂದರೆ ಅವುಗಳ ನ್ಯಾಯಯುತ ವರದಿಗೆ ಕಾನೂನಿನ ರಕ್ಷಣೆ ಇದೆ. ಒಂದು ಅಧ್ಯಾಯ ಬಿಸಿಯೇರುತ್ತ ಹೋಗಿ ಥಟ್ಟನೆ ಬೇರೆ ವಿಷಯಕ್ಕೆ ಹಾರಿದರೆ ಅಲ್ಲಿ ಏನೋ ಕತ್ತರಿಸಿದ್ದಾರೆ ಎಂದೇ ತಿಳಿಯಬೇಕು. ಓದುಗರು ಇಲ್ಲಿ ಮಾಡುವ ತಪ್ಪು, ಲೇಖಕರಿಗೆ ಗೊತ್ತಿದ್ದದ್ದು ಇಷ್ಟೇ ಎಂದುಕೊಳ್ಳುವುದು.

ಬಾಲ್ಯದ ಅಧ್ಯಾಯದ ಬಲೆ

ಮ್ಯಾಕ್ಸ್‌ವೆಲ್ ಬಾಲ್ಯ ಯಾವ ಕಾದಂಬರಿಕಾರನಿಗೂ ಆಸೆ ಹುಟ್ಟಿಸುವಂಥದು. 1923ರ ಜೂನ್ 10ರಂದು ಆಗಿನ ಚೆಕೊಸ್ಲೊವಾಕಿಯಾದ, ಈಗ ಉಕ್ರೇನಿನಲ್ಲಿರುವ, ಉಪ್ಪಿನ ಗಣಿಯ ಊರಿನಲ್ಲಿ ಬಡ ಯಹೂದಿ ಕುಟುಂಬದಲ್ಲಿ ಜನನ. ಹುಟ್ಟಿದಾಗಿನ ಮನೆತನದ ಹೆಸರು ಹೋಖ್. ಮನೆಯವರಲ್ಲಿ ಹೆಚ್ಚಿನವರನ್ನು ನಾಜಿಗಳು ಕೊಂದರು. 1940ರಲ್ಲಿ ಬ್ರಿಟನ್ನಿಗೆ ಬಂದ ಹುಡುಗ ಸೈನ್ಯ ಸೇರಿ, ಹೆಸರು ಬದಲಿಸುತ್ತ ಹೋಗಿ, ಒಮ್ಮೆ ಸಿಗರೇಟಿನ ಬ್ರ್ಯಾಂಡೊಂದರ ಹೆಸರನ್ನೂ ಇಟ್ಟುಕೊಂಡು, ಕೊನೆಗೆ ರಾಬರ್ಟ್ ಮ್ಯಾಕ್ಸ್‌ವೆಲ್ ಆದ. 1945ರಲ್ಲಿ ಮಿಲಿಟರಿ ಕ್ರಾಸ್ ಪದಕ ಬಂತು. ಇದೆಲ್ಲ ನಿಜ. ಧೈರ್ಯವೂ ನಿಜ.

ಕಷ್ಟ ಏನೆಂದರೆ, ಈ ಬಾಲ್ಯ ಎರಡೂ ಕಡೆಯವರಿಗೆ ಒದಗುತ್ತದೆ. ಹೊಗಳುವವರಿಗೆ ಅದು ಸಾಹಸದ ಮೂಲ, ತೆಗಳುವವರಿಗೆ ಮೋಸದ ಮೂಲ. ಒಂದೇ ಕಾರಣದಿಂದ ಎರಡು ವಿರುದ್ಧ ಫಲಗಳನ್ನು ತೆಗೆಯಬಹುದಾದರೆ ಆ ಕಾರಣ ಏನನ್ನೂ ವಿವರಿಸುತ್ತಿಲ್ಲ. ಬಡತನ, ಯುದ್ಧ, ಕುಟುಂಬನಾಶ ಅನುಭವಿಸಿದ ಸಾವಿರಾರು ಜನ ಬ್ರಿಟನ್ನಿಗೆ ಬಂದರು. ಅವರು ಪಿಂಚಣಿ ನಿಧಿಗೆ ಕೈಹಾಕಲಿಲ್ಲ. ಈ ಅಧ್ಯಾಯಗಳನ್ನು ಸಹಾನುಭೂತಿಯಿಂದ ಓದಿ, ಆದರೆ ಅವುಗಳಿಂದ ಯಾವ ತೀರ್ಮಾನವನ್ನೂ ಮುಂದಕ್ಕೆ ಹೊತ್ತೊಯ್ಯಬೇಡಿ.

ಹೊತ್ತೊಯ್ಯಬೇಕಾದದ್ದು ಅದರ ನಂತರದ, ಅಷ್ಟೇನೂ ರೋಚಕವಲ್ಲದ ಭಾಗ: ಯುದ್ಧಾನಂತರದ ಬರ್ಲಿನ್ನಿನಲ್ಲಿ ಪತ್ರಿಕಾ ವಿಭಾಗದ ಅಧಿಕಾರಿಯಾಗಿದ್ದು, ಜರ್ಮನಿಯ ಸ್ಪ್ರಿಂಗರ್ ಸಂಸ್ಥೆಯ ವೈಜ್ಞಾನಿಕ ನಿಯತಕಾಲಿಕಗಳ ಮಾರಾಟ ಹಿಡಿದದ್ದು, 1951ರಲ್ಲಿ ಸಣ್ಣ ಪ್ರಕಾಶನವೊಂದನ್ನು ಕೊಂಡು ಅದಕ್ಕೆ ಪರ್ಗಮನ್ ಪ್ರೆಸ್ ಎಂದು ಹೆಸರಿಟ್ಟದ್ದು. ವೈಜ್ಞಾನಿಕ ನಿಯತಕಾಲಿಕದ ವ್ಯಾಪಾರದ ಸ್ವರೂಪ ಗೊತ್ತಿಲ್ಲದೆ ಈ ಮನುಷ್ಯನನ್ನು ಅರ್ಥಮಾಡಿಕೊಳ್ಳಲಾಗದು. ಲೇಖನ ಬರೆಯುವ ವಿಜ್ಞಾನಿಗೆ ಸಂಭಾವನೆ ಇಲ್ಲ. ಅದನ್ನು ಪರಿಶೀಲಿಸುವವರಿಗೂ ಇಲ್ಲ. ಕೊಳ್ಳುವವು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು. ವರ್ಷದ ಚಂದಾ ಪೂರ್ತಿ ಮುಂಗಡ. ಸಂಚಿಕೆ ಅಚ್ಚಾಗುವ ಮೊದಲೇ ಕೈಯಲ್ಲಿ ಹಣ ಇರುತ್ತದೆ. ಇನ್ನೊಬ್ಬರ ಹಣ ಸದಾ ತನ್ನ ಕೈಯಲ್ಲಿ ಹಾದುಹೋಗುವ ವ್ಯಾಪಾರ ಅದು, ಪೂರ್ತಿ ನ್ಯಾಯಬದ್ಧ. ಅದನ್ನು ಮ್ಯಾಕ್ಸ್‌ವೆಲ್ ಅದ್ಭುತವಾಗಿ ಕಟ್ಟಿದ. 1991ರ ಮಾರ್ಚಿನಲ್ಲಿ ಅದನ್ನು ಎಲ್ಸೆವಿಯರ್‌ಗೆ ಮಾರಿದಾಗ ಬಂದದ್ದು 44 ಕೋಟಿ ಪೌಂಡ್. ಈ ಸಾಧನೆಯನ್ನು ಒಪ್ಪಿಕೊಳ್ಳದೆ ಬರೀ ವಂಚಕನ ಕಥೆ ಹೇಳುವ ಪುಸ್ತಕವನ್ನೂ ಅನುಮಾನದಿಂದಲೇ ನೋಡಬೇಕು.

1969: ಎಲ್ಲವೂ ಇಲ್ಲೇ ಇದೆ

ಮ್ಯಾಕ್ಸ್‌ವೆಲ್ ಬಗ್ಗೆ ಯಾವುದೇ ಪುಸ್ತಕ ಕೈಗೆ ಬಂದರೂ ಕೊನೆಯ ಪದಸೂಚಿಗೆ ಹೋಗಿ ‘ಲೀಸ್ಕೊ’ ಹುಡುಕಿ. ಎಷ್ಟು ಪುಟ ಕೊಟ್ಟಿದ್ದಾರೆ, ಯಾರ ದನಿಯಲ್ಲಿ ಹೇಳಿದ್ದಾರೆ, ಕಥೆಯನ್ನು ಯಾವ ವರ್ಷಕ್ಕೆ ನಿಲ್ಲಿಸಿದ್ದಾರೆ ಎಂದು ನೋಡಿ. ಪುಸ್ತಕದ ಬೆಲೆ ಅಲ್ಲೇ ಗೊತ್ತಾಗುತ್ತದೆ.

ಪರ್ಗಮನ್ 1964ರಲ್ಲಿ ಷೇರು ಮಾರುಕಟ್ಟೆಗೆ ಬಂದಿತ್ತು. 1969ರಲ್ಲಿ ಅಮೆರಿಕದ ಸಾಲ್ ಸ್ಟೈನ್‌ಬರ್ಗ್ ಒಡೆತನದ ಲೀಸ್ಕೊ, ಪರ್ಗಮನ್ ಕೊಳ್ಳಲು ಸುಮಾರು 2.5 ಕೋಟಿ ಪೌಂಡ್‌ಗಳ ಪ್ರಸ್ತಾಪ ಇಟ್ಟಿತು. ಮಾರುಕಟ್ಟೆಯಲ್ಲಿ ದೊಡ್ಡ ಪಾಲು ಷೇರುಗಳನ್ನೂ ಕೊಂಡಿತು. ಆಮೇಲೆ ಲೆಕ್ಕ ನೋಡತೊಡಗಿತು; ಲಾಭದ ಅಂಕಿಗಳು ಹೊಂದಲಿಲ್ಲ. ಆಗಸ್ಟಿನಲ್ಲಿ ಹಿಂದೆ ಸರಿಯಿತು. ಅಕ್ಟೋಬರಿನಲ್ಲಿ ಷೇರುದಾರರ ಸಭೆ ಮ್ಯಾಕ್ಸ್‌ವೆಲ್‌ನನ್ನು ಆಡಳಿತ ಮಂಡಳಿಯಿಂದಲೇ ಇಳಿಸಿತು. ಸರ್ಕಾರ ನೇಮಿಸಿದ ಇಬ್ಬರು ತನಿಖಾಧಿಕಾರಿಗಳು, ಒಬ್ಬರು ವಕೀಲರು, ಇನ್ನೊಬ್ಬರು ಲೆಕ್ಕಪರಿಶೋಧಕರು, 1971, 1972 ಮತ್ತು 1973ರಲ್ಲಿ ಮೂರು ವರದಿ ಕೊಟ್ಟರು. ಮೊದಲ ವರದಿಯ ತೀರ್ಮಾನ ಪ್ರಸಿದ್ಧ: ಸಾಮರ್ಥ್ಯವೂ ಚೈತನ್ಯವೂ ಇದ್ದರೂ, ಸಾರ್ವಜನಿಕ ಕಂಪನಿಯೊಂದನ್ನು ಸರಿಯಾಗಿ ನೋಡಿಕೊಳ್ಳುತ್ತಾನೆಂದು ನಂಬಿ ಬಿಡಬಹುದಾದ ವ್ಯಕ್ತಿ ಈತನಲ್ಲ.

ಎಲ್ಲ ಪುಸ್ತಕಗಳೂ ಈ ಒಂದು ವಾಕ್ಯವನ್ನು ಉದ್ಧರಿಸುತ್ತವೆ, ಓದುಗರೂ ಅಲ್ಲೇ ನಿಲ್ಲುತ್ತಾರೆ. ವಾಕ್ಯ ಬರೀ ತೀರ್ಪು. ಉಪಯೋಗದ ವಿಷಯ ಇರುವುದು ಅದರ ಹಿಂದಿನ ವಿವರದಲ್ಲಿ: ಪರ್ಗಮನ್ ತನ್ನ ನಿಯತಕಾಲಿಕಗಳ ಹಳೆಯ ಸಂಚಿಕೆಗಳನ್ನು ಅಮೆರಿಕದಲ್ಲಿದ್ದ, ಮ್ಯಾಕ್ಸ್‌ವೆಲ್ ಕುಟುಂಬದ ಹಿತಾಸಕ್ತಿಯ ಖಾಸಗಿ ಕಂಪನಿಗೆ ಮಾರಿದಂತೆ ಲೆಕ್ಕ ತೋರಿಸಿ ಲಾಭ ಬರೆದುಕೊಂಡಿತ್ತು. ಒಂದು ಕೈ ಇನ್ನೊಂದು ಕೈಗೆ ಮಾರುವುದು. ಗೋದಾಮಿನ ಹಳೆಯ ಸಂಚಿಕೆಗಳಿಗೆ ಬೆಲೆ ಕಟ್ಟುವುದು ಎಂದೂ ಅಂದಾಜಿನ ಮಾತು. ಅಂದಾಜು ಏರಿದರೆ ಲಾಭ ಏರುತ್ತದೆ, ಲಾಭ ಏರಿದರೆ ಷೇರು ಬೆಲೆ ಏರುತ್ತದೆ, ಷೇರು ಬೆಲೆ ಏರಿದರೆ ಆ ಷೇರುಗಳನ್ನೇ ಕೊಟ್ಟು ಇನ್ನೊಂದು ಕಂಪನಿ ಕೊಳ್ಳಬಹುದು.

ಅಲ್ಲಿದ್ದ ಭಾಗಗಳನ್ನು ಎಣಿಸಿ ನೋಡಿ. ಷೇರುದಾರರಿರುವ ಕಂಪನಿ ಒಂದು. ಕುಟುಂಬದ ಖಾಸಗಿ ಕಂಪನಿ ಒಂದು. ಎರಡರ ನಡುವೆ ವ್ಯವಹಾರ, ಎರಡೂ ಕಡೆ ಸಹಿ ಹಾಕುವವನು ಒಬ್ಬನೇ. ಬೆಲೆ ಕಟ್ಟಲು ಕಷ್ಟವಾದ ಸರಕು. ಷೇರು ಬೆಲೆ ಏರಿರಬೇಕಾದ ಅಗತ್ಯ. 1991ರಲ್ಲಿ ಹೊರಬಿದ್ದ ಯಂತ್ರದಲ್ಲಿ ಇವೇ ಭಾಗಗಳು, ಅಳತೆ ಮಾತ್ರ ದೊಡ್ಡದು.

ಮ್ಯಾಕ್ಸ್‌ವೆಲ್ ಪಾಳಯದ ಪ್ರತಿವಾದವನ್ನೂ ನ್ಯಾಯವಾಗಿ ಕೇಳಬೇಕು. ತನಿಖಾಧಿಕಾರಿಗಳು ತಮ್ಮ ಟೀಕೆಯನ್ನು ಮೊದಲೇ ತಿಳಿಸಿ ಉತ್ತರಿಸಲು ಅವಕಾಶ ಕೊಡಲಿಲ್ಲ, ಇದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಅವನು ನ್ಯಾಯಾಲಯಕ್ಕೆ ಹೋದ. 1971ರಲ್ಲಿ ನ್ಯಾಯಮೂರ್ತಿ ಫೋರ್ಬ್ಸ್ ಅವನಿಗೆ ತುಂಬ ಅನುಕೂಲವಾದ ಮಾತನ್ನೇ ಆಡಿದರು. ವರದಿ ಅವನ ವ್ಯಾಪಾರೀ ಬದುಕನ್ನೇ ಕೊಂದಂತಾಯಿತು ಎಂಬರ್ಥದ ಮಾತು. ಅಭಿಮಾನಿಗಳು ಕಥೆಯನ್ನು ಇಲ್ಲಿ ಮುಗಿಸಲು ಇಷ್ಟಪಡುತ್ತಾರೆ. ಆದರೆ ಅದು ಮಧ್ಯಂತರ ಹಂತ. ಮೊಕದ್ದಮೆ ಮುಂದುವರಿದು, 1974ರಲ್ಲಿ ಲಾರ್ಡ್ ಡೆನ್ನಿಂಗ್ ಇದ್ದ ಮೇಲ್ಮನವಿ ನ್ಯಾಯಪೀಠ ತನಿಖಾಧಿಕಾರಿಗಳು ನ್ಯಾಯವಾಗಿಯೇ ನಡೆದುಕೊಂಡಿದ್ದಾರೆ ಎಂದಿತು. ಮ್ಯಾಕ್ಸ್‌ವೆಲ್ ಸೋತ. ಜೀವನಚರಿತ್ರೆಯಲ್ಲಿ ನ್ಯಾಯಾಲಯದ ಮಾತು ಬಂದಾಗೆಲ್ಲ ಅದು ಯಾವ ನ್ಯಾಯಾಲಯ, ಅದರ ಮೇಲೆ ಇನ್ನೊಂದಿತ್ತೇ, ಅಲ್ಲಿ ಏನಾಯಿತು ಎಂದು ಕೇಳಿಕೊಳ್ಳಬೇಕು. ಇದೊಂದು ರೂಢಿ ಇದ್ದರೆ ಅರ್ಧ ಮರೆಮಾಚುವಿಕೆ ತಾನಾಗಿ ಕಳಚುತ್ತದೆ.

ಅದೇ 1974ರಲ್ಲಿ ಅವನು ಪರ್ಗಮನ್ನನ್ನು ಮರಳಿ ಪಡೆದ, ಲೀಸ್ಕೊ ಹೇಳಿದ್ದ ಬೆಲೆಯ ಸಣ್ಣ ಅಂಶಕ್ಕೆ. ಸಂಪಾದಕರಾಗಿದ್ದ ವಿಜ್ಞಾನಿಗಳಲ್ಲಿ ಹಲವರು ಅವನ ಜೊತೆಗೇ ಇದ್ದರು. ಇಷ್ಟು ಕಟು ವರದಿಯ ನಂತರವೂ ಬ್ಯಾಂಕುಗಳು ಹೇಗೆ ಸಾಲ ಕೊಟ್ಟವು ಎಂಬ ಪ್ರಶ್ನೆಗೆ ಉತ್ತರದ ಒಂದು ಎಳೆ ಇಲ್ಲಿದೆ. ನಂಬಿದವರಿಗೆ ಅವನು ಬಹಳ ವರ್ಷ ಹಣ ಗಳಿಸಿಕೊಟ್ಟಿದ್ದ.

ಎರಡು ಕಾಲಮ್ಮಿನ ಹಾಳೆ

ಇಂಥ ಜೀವನಚರಿತ್ರೆ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಎಡಗಡೆ ಷೇರುದಾರರಿರುವ ಕಂಪನಿಗಳು, ಬಲಗಡೆ ಖಾಸಗಿ ಕಂಪನಿ, ಕುಟುಂಬದ ಟ್ರಸ್ಟು, ವಿದೇಶದ ಪ್ರತಿಷ್ಠಾನ. ಪುಸ್ತಕದಲ್ಲಿ ಕೊಂಡ, ಮಾರಿದ, ಸಾಲ ಕೊಟ್ಟ ಪ್ರತಿ ಸಂಗತಿ ಬಂದಾಗ ನಾಲ್ಕು ವಿಷಯ ಬರೆಯಿರಿ: ಕೊಂಡದ್ದು ಯಾವ ಕಡೆಯ ಕಂಪನಿ, ಹಣ ಎಲ್ಲಿಂದ ಬಂತು, ಬೆಲೆ ನಿಗದಿ ಮಾಡಿದವರು ಯಾರು, ದಿನಾಂಕ. ನಾಲ್ಕರಲ್ಲಿ ಒಂದು ಪುಸ್ತಕದಲ್ಲಿ ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಎಡದಿಂದ ಬಲಕ್ಕೆ ಅಥವಾ ಬಲದಿಂದ ಎಡಕ್ಕೆ ಗೆರೆ ದಾಟುವ ವ್ಯವಹಾರಕ್ಕೆ ಬಾಣ ಎಳೆಯಿರಿ.

ಮ್ಯಾಕ್ಸ್‌ವೆಲ್ ಹಾಳೆ ಹೀಗೆ ಸಾಗುತ್ತದೆ. 1981ರಲ್ಲಿ ನಷ್ಟದಲ್ಲಿದ್ದ ಬ್ರಿಟಿಷ್ ಪ್ರಿಂಟಿಂಗ್ ಕಾರ್ಪೊರೇಷನ್ ಹಿಡಿತಕ್ಕೆ ಬಂತು: ಎಡಗಡೆ. ಅಲ್ಲಿ ಅವನು ಸಿಬ್ಬಂದಿ ಕಡಿಮೆ ಮಾಡಿ ಲಾಭಕ್ಕೆ ತಂದದ್ದು ನಿಜ, ನಗರದ ಹಣಕಾಸು ವಲಯದಲ್ಲಿ ಹೆಸರು ಮರಳಿದ್ದು ಇದರಿಂದಲೇ. 1984ರ ಜುಲೈಯಲ್ಲಿ ರೀಡ್ ಇಂಟರ್‌ನ್ಯಾಷನಲ್‌ನಿಂದ ಮಿರರ್ ಪತ್ರಿಕಾ ಗುಂಪು, 11.3 ಕೋಟಿ ಪೌಂಡ್: ಬಲಗಡೆ, ಖಾಸಗಿ. 1987ರಲ್ಲಿ ಮುದ್ರಣ ಕಂಪನಿಗೆ ಮ್ಯಾಕ್ಸ್‌ವೆಲ್ ಕಮ್ಯುನಿಕೇಷನ್ ಕಾರ್ಪೊರೇಷನ್ ಎಂದು ಹೊಸ ಹೆಸರು: ಎಡಗಡೆಯೇ. ಬಲಗಡೆಯ ಮೇಲ್ತುದಿಯಲ್ಲಿ ಲಿಕ್ಟನ್‌ಸ್ಟೈನ್ ದೇಶದ ಪ್ರತಿಷ್ಠಾನ. ಅದರ ಫಲಾನುಭವಿಗಳು ಯಾರೆಂದು ಹೊರಗಿನವರಿಗೆ ಕಾಣದು. ಈ ಒಂದು ಸಂಗತಿಯೇ ಹಾಳೆಯ ಅರ್ಧ ಭಾಗವನ್ನು ಕತ್ತಲೆಯಲ್ಲಿ ಇಡುತ್ತದೆ. ಇದು 1988ರಲ್ಲೇ ಬಹಿರಂಗವಾಗಿದ್ದ ವಿಷಯ.

ಹಾಳೆಯಲ್ಲಿ ಮೂರನೆಯ ಜಾಗವೂ ಬೇಕು, ಅದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ: ಮಾಲೀಕನದಲ್ಲದ, ಆದರೆ ಮಾಲೀಕನ ಕೈಗೆಟುಕುವ ಹಣ. ಪತ್ರಿಕಾ ದೊರೆಯೊಬ್ಬ ಹಳೆಯ, ದೊಡ್ಡ ಪತ್ರಿಕಾ ಸಂಸ್ಥೆಯನ್ನು ಕೊಂಡಾಗ ಅದರ ಜೊತೆ ದಶಕಗಳಿಂದ ಬೆಳೆದ ಪಿಂಚಣಿ ನಿಧಿಯೂ ಬರುತ್ತದೆ. ಕಾನೂನಿನಲ್ಲಿ ಅದು ಟ್ರಸ್ಟಿನ ಆಸ್ತಿ. ಆದರೆ ಟ್ರಸ್ಟಿ ಯಾರು? ಮ್ಯಾಕ್ಸ್‌ವೆಲ್ ಗುಂಪಿನ ನಿಧಿಗಳ ಹೂಡಿಕೆ ನೋಡುತ್ತಿದ್ದ ಬಿಷಪ್ಸ್‌ಗೇಟ್ ಇನ್ವೆಸ್ಟ್‌ಮೆಂಟ್ ಮ್ಯಾನೇಜ್‌ಮೆಂಟ್‌ನ ಅಧ್ಯಕ್ಷ ಅವನೇ. ಜೀವನಚರಿತ್ರೆಗಳಲ್ಲಿ ಸಂಪಾದಕರ ಜಗಳಕ್ಕೆ, ಕಾರ್ಮಿಕ ಸಂಘಗಳ ಜೊತೆಗಿನ ಗುದ್ದಾಟಕ್ಕೆ, ರೂಪರ್ಟ್ ಮರ್ಡೋಕ್ ಎದುರಿನ ಸೋಲುಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಪಿಂಚಣಿ ಟ್ರಸ್ಟಿಗಳ ಪಟ್ಟಿ ಓದಲು ಯಾರಿಗೆ ಹುರುಪು? ಮುಂದೆ ಬೇಲಿಯೇ ಎದ್ದು ಹೊಲ ಮೇಯ್ದದ್ದು ಈ ಮೂಲೆಯಲ್ಲಿ.

ಪುಸ್ತಕಗಳು ಹೇಳಲಾಗದ್ದು

1988ರ ಕೊನೆಯಲ್ಲಿ, ಎರಡೂ ಪುಸ್ತಕಗಳು ಹೊರಬಂದಾದ ಮೇಲೆ, ಮ್ಯಾಕ್ಸ್‌ವೆಲ್ ಅಮೆರಿಕದ ಮ್ಯಾಕ್‌ಮಿಲನ್ ಪ್ರಕಾಶನವನ್ನು 260 ಕೋಟಿ ಡಾಲರಿಗೆ, ವಿಮಾನಗಳ ವೇಳಾಪಟ್ಟಿ ಪ್ರಕಟಿಸುವ ಸಂಸ್ಥೆಯೊಂದನ್ನು 75 ಕೋಟಿ ಡಾಲರಿಗೆ ಕೊಂಡ. ಬಹುತೇಕ ಸಾಲ. ಆಮೇಲೆ ಬಡ್ಡಿ ಏರಿತು, ಆರ್ಥಿಕ ಹಿಂಜರಿತ ಬಂತು. ಇಲ್ಲಿಂದ ಮುಂದಿನ ಕುಸಿತದ ಕ್ರಮ ಹೀಗಿದೆ.

ಖಾಸಗಿ ಕಂಪನಿಗಳು ಬ್ಯಾಂಕುಗಳಿಂದ ಪಡೆದ ಸಾಲಕ್ಕೆ ಒತ್ತೆ ಇಟ್ಟದ್ದು ಮ್ಯಾಕ್ಸ್‌ವೆಲ್ ಕಮ್ಯುನಿಕೇಷನ್ ಷೇರುಗಳನ್ನು. ಷೇರು ಬೆಲೆ ಇಳಿದರೆ ಬ್ಯಾಂಕು ಹೆಚ್ಚಿನ ಒತ್ತೆ ಕೇಳುತ್ತದೆ. ಬೆಲೆ ಇಳಿಯದಿರಲು ಖಾಸಗಿ ಕಂಪನಿಗಳೇ ಸುತ್ತುದಾರಿಯಲ್ಲಿ ಆ ಷೇರುಗಳನ್ನು ಕೊಳ್ಳತೊಡಗಿದವು. ಕೊಳ್ಳಲು ಮತ್ತೆ ಹಣ ಬೇಕು, ಹಣಕ್ಕೆ ಮತ್ತೆ ಒತ್ತೆ ಬೇಕು. ಒತ್ತೆ ಇಡಲು ತಮ್ಮದೇನೂ ಉಳಿಯದಾದಾಗ ಪಿಂಚಣಿ ನಿಧಿಯ ಷೇರುಗಳು ಹೊರಬಂದವು. ಇದಕ್ಕೆ ಕಾಗದದ ಮೇಲೆ ಇಟ್ಟ ಹೆಸರು ‘ಸ್ಟಾಕ್ ಲೆಂಡಿಂಗ್’.

ಸ್ಟಾಕ್ ಲೆಂಡಿಂಗ್ ಮಾರುಕಟ್ಟೆಯಲ್ಲಿ ದಿನವೂ ನಡೆಯುವ ಸಾಚಾ ವ್ಯವಹಾರ. ನಿಧಿ ತನ್ನ ಷೇರನ್ನು ಕೆಲಕಾಲ ಎರವಲು ಕೊಡುತ್ತದೆ. ಪಡೆದವನು ಅದರ ಬೆಲೆಗಿಂತ ತುಸು ಹೆಚ್ಚಿನ ಒತ್ತೆ ಇಡುತ್ತಾನೆ, ಶುಲ್ಕ ಕೊಡುತ್ತಾನೆ, ಅವಧಿ ಮುಗಿದಾಗ ಅದೇ ಷೇರು ಹಿಂದಿರುಗಿಸುತ್ತಾನೆ. ಇಲ್ಲಿ ಎರವಲು ಪಡೆದದ್ದು ಮ್ಯಾಕ್ಸ್‌ವೆಲ್‌ನ ಖಾಸಗಿ ಕಂಪನಿ, ತಕ್ಕ ಒತ್ತೆ ಇಲ್ಲ, ಪಡೆದ ಷೇರು ನೇರವಾಗಿ ಬ್ಯಾಂಕಿನ ತಿಜೋರಿಗೆ. ಪಿಂಚಣಿ ನಿಧಿಯೊಂದರಲ್ಲೇ ಇದು ನಿಲ್ಲಲಿಲ್ಲ. ಮ್ಯಾಕ್‌ಮಿಲನ್‌ಗೆ ಸೇರಿದ್ದ, ಭಾಷಾ ಶಾಲೆಗಳ ಬರ್ಲಿಟ್ಜ್ ಕಂಪನಿಯ ಷೇರುಗಳನ್ನೂ ಬೇರೆ ಹೆಸರಿಗೆ ಮಾಡಿಸಿಕೊಂಡು ಖಾಸಗಿ ಸಾಲಗಳಿಗೆ ಒತ್ತೆ ಇಡಲಾಗಿತ್ತು. ಅವು ಯಾರಿಗೆ ಸೇರಬೇಕೆಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು.

1988ರ ಓದುಗನಿಗೆ ಇದಾವುದೂ ಗೊತ್ತಾಗುವಂತಿರಲಿಲ್ಲ, ದೊಡ್ಡ ಪಾಲು ಇನ್ನೂ ನಡೆದೇ ಇರಲಿಲ್ಲ. ಹಾಗಾಗಿ ‘ಬೋವರ್ ಮೊದಲೇ ಹೇಳಿದ್ದರು’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಒಬ್ಬ ಮನುಷ್ಯ ತನ್ನ ಖಾಸಗಿ ಮತ್ತು ಸಾರ್ವಜನಿಕ ಜೇಬುಗಳ ನಡುವೆ ಗೋಡೆ ಇಟ್ಟುಕೊಂಡಿಲ್ಲ ಎಂಬುದು ಆಗಲೇ ದಾಖಲೆಯಲ್ಲಿತ್ತು. ಅದನ್ನು ಮತ್ತೆ ಎತ್ತಿ ತೋರಿಸಲು ಧೈರ್ಯ ಬೇಕಿತ್ತು, ಆ ಶ್ರೇಯಸ್ಸು ಆ ಪುಸ್ತಕಕ್ಕೆ ಸಲ್ಲುತ್ತದೆ. ಭವಿಷ್ಯವಾಣಿಯ ಶ್ರೇಯಸ್ಸು ಬೇಡ.

ಪುಸ್ತಕದ ಪಾಡು

ಬೋವರ್ ಪುಸ್ತಕದ ಗಟ್ಟಿ ರಟ್ಟಿನ ಆವೃತ್ತಿ ಖರ್ಚಾಯಿತು. ಕಡಿಮೆ ಬೆಲೆಯ ಆವೃತ್ತಿ ಬರಲಿಲ್ಲ. ಅದರ ಹಕ್ಕನ್ನು ಮ್ಯಾಕ್ಸ್‌ವೆಲ್ ತನ್ನ ಕಂಪನಿಯೊಂದರ ಮೂಲಕ ಕೊಂಡುಬಿಟ್ಟ. ಪುಸ್ತಕ ನಿಷೇಧಿಸಲು ನ್ಯಾಯಾಲಯವೇ ಬೇಕಿಲ್ಲ ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಉದಾಹರಣೆ ಅಪರೂಪ. ಲೇಖಕ ಮತ್ತು ಪ್ರಕಾಶಕರ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆ ಮುಂದೆ ಕುಂಟುತ್ತ ನಿಂತಿತು. ಆದರೆ ಅಮೆರಿಕದ ನ್ಯೂ ರಿಪಬ್ಲಿಕ್ ಪತ್ರಿಕೆಯಲ್ಲಿ ಬೋವರ್ ಬರೆದ ಲೇಖನಕ್ಕೆ ಇಂಗ್ಲೆಂಡಿನಲ್ಲೇ ಇನ್ನೊಂದು ಮೊಕದ್ದಮೆ ಬಿತ್ತು, ಅಲ್ಲಿ ಆ ಪತ್ರಿಕೆಗೆ ಇದ್ದ ನೂರ ಚಿಲ್ಲರೆ ಚಂದಾದಾರರನ್ನು ಆಧಾರವಾಗಿ ತೋರಿಸಿ. ಸಾಬೀತುಪಡಿಸುವ ಹೊರೆ ಬರೆದವನ ಮೇಲಿರುವ ದೇಶವನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ.

ಸತ್ತವರ ಮಾನ ಕಳೆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಮೊಕದ್ದಮೆ ಇಲ್ಲ. 1991ರ ನವೆಂಬರಿನಿಂದಾಚೆಗೆ ಪುಸ್ತಕಗಳ ಸುರಿಮಳೆಯಾಯಿತು, ಅವುಗಳ ರೋಗವೂ ಬೇರೆಯಾಯಿತು. ಮೊದಲು ಹೇಳಲು ಭಯ, ಈಗ ಹೇಳಲು ಮಿತಿಯಿಲ್ಲ. ಸಾವು ಆತ್ಮಹತ್ಯೆಯೋ, ಹೃದಯಾಘಾತವೋ, ಯಾರಾದರೂ ನೂಕಿದರೋ, ಬೇಹುಗಾರಿಕೆಯ ನಂಟಿತ್ತೋ ಎಂಬುದಕ್ಕೆ ಅಧ್ಯಾಯಗಳು ಮೀಸಲಾದವು. ಸಾವಿನ ಕಾರಣದ ಬಗ್ಗೆ ವೈದ್ಯರಲ್ಲೇ ಒಮ್ಮತ ಬರಲಿಲ್ಲ. ಆ ಪುಟಗಳನ್ನು ಬೇಗ ತಿರುವಿದರೆ ನಷ್ಟವಿಲ್ಲ.

ಈ ಹೊಸ ಪುಸ್ತಕಗಳನ್ನು ಓದುವಾಗ ಕೈಯಲ್ಲಿರಬೇಕಾದ ಕೆಲವು ಸಂಗತಿಗಳಿವೆ. ಅವನ ಮಕ್ಕಳಾದ ಕೆವಿನ್ ಮತ್ತು ಇಯಾನ್ 1996ರ ಜನವರಿಯಲ್ಲಿ ವಂಚನೆಯ ಆರೋಪದಿಂದ ಖುಲಾಸೆಯಾದರು. ತೀರ್ಪಿಗೆ ಮುಂಚೆ ಬಂದ ಪುಸ್ತಕಗಳ ದನಿಯನ್ನು ಅದಕ್ಕೆ ತಕ್ಕಂತೆ ತಗ್ಗಿಸಿ ಓದಬೇಕು. ಸುಮಾರು 32,000 ಪಿಂಚಣಿದಾರರಿಗೆ ತಟ್ಟಿದ ನಷ್ಟಕ್ಕೆ 1995ರಲ್ಲಿ 27.6 ಕೋಟಿ ಪೌಂಡ್‌ಗಳ ಒಪ್ಪಂದ ಆಯಿತು. ಅದೇ ವರ್ಷದ ಪಿಂಚಣಿ ಕಾಯ್ದೆ ಟ್ರಸ್ಟಿಗಳಲ್ಲಿ ಮೂರನೇ ಒಂದು ಭಾಗವನ್ನು ಸದಸ್ಯರೇ ಸೂಚಿಸುವ ಹಕ್ಕು ಕೊಟ್ಟಿತು. ಮಿರರ್ ಷೇರುಗಳನ್ನು 1991ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಮಾರಿದ ಬಗೆಗಿನ ಸರ್ಕಾರಿ ತನಿಖಾ ವರದಿ ಬಂದದ್ದು 2001ರಲ್ಲಿ, ಹತ್ತು ವರ್ಷ ತಡವಾಗಿ. ಅದು ಮುಖ್ಯ ಹೊಣೆಯನ್ನು ಮ್ಯಾಕ್ಸ್‌ವೆಲ್ ಮೇಲೆ ಹೊರಿಸಿ, ಸಲಹೆಗಾರರು ಮತ್ತು ಲೆಕ್ಕಪರಿಶೋಧಕರನ್ನೂ ಬಿಡಲಿಲ್ಲ. 2001ಕ್ಕೆ ಮುಂಚಿನ ಪುಸ್ತಕಗಳಲ್ಲಿ ಒಬ್ಬನೇ ಖಳ; ನಂತರದವುಗಳಲ್ಲಾದರೂ ಸಹಿ ಹಾಕಿದವರು, ಕೇಳದೆ ಬಿಟ್ಟವರು ಕಾಣಬೇಕು. ಕಾಣದಿದ್ದರೆ ಲೇಖಕರು ವರದಿ ಓದಿಲ್ಲ.

ಈಗ ಈ ಪ್ರಕರಣವನ್ನು ಹೊಸದಾಗಿ ಓದಲು ಹೊರಟವರು ಕಾಲಕ್ರಮ ಬಿಟ್ಟು ಓದುವುದು ಒಳ್ಳೆಯದು: ಮೊದಲು 1971ರ ತನಿಖಾ ವರದಿಯ ಸಾರ, ಆಮೇಲೆ ಹೇನ್ಸ್, ಆಮೇಲೆ ಬೋವರ್ 1988ರ ಆವೃತ್ತಿ, ಕೊನೆಗೆ 2001ರ ವರದಿ. ಬೋವರ್ ಪುಸ್ತಕದ ಸಾವಿನ ನಂತರದ ಪರಿಷ್ಕೃತ ಆವೃತ್ತಿ ಸಿಕ್ಕರೆ ಅದನ್ನು ಹಳೆಯದರ ಪಕ್ಕ ಇಟ್ಟು, ಯಾವ ವಾಕ್ಯಗಳು ಗಟ್ಟಿಯಾದವು, ಯಾವ ‘ಎನ್ನಲಾಗಿದೆ’ಗಳು ಮಾಯವಾದವು ಎಂದು ಗುರುತು ಹಾಕಿ. ಆ ಗುರುತುಗಳಿಂದ 1988ರ ವಕೀಲರ ಕತ್ತರಿ ಎಲ್ಲೆಲ್ಲಿ ಓಡಾಡಿತ್ತು ಎಂಬುದನ್ನು ಸಾಲು ಸಾಲಾಗಿ ಹಿಡಿಯಬಹುದು.